ದಿನಕ್ಕೆ ಆರೇ ಕಾರ್ಡು: ಹಳಗನ್ನಡ ತಲೆಗೆ ಹತ್ತಿದ ಲೆಕ್ಕ

ಐದು ಖಾನೆಯ ಕಾರ್ಡು ಪೆಟ್ಟಿಗೆ ನಡೆಯುವುದು ಹೀಗೆ: ಕಾರ್ಡಿನ ಮುಂದೆ ಪದ, ಹಿಂದೆ ಅರ್ಥ, ಖಾನೆ ಮುಂದಾದಷ್ಟೂ ಕಾರ್ಡು ತಡವಾಗಿ ಕೈಗೆ ಬರುತ್ತದೆ. ಸರಿ ಹೇಳಿದರೆ ಕಾರ್ಡು ಮುಂದಿನ ಖಾನೆಗೆ, ತಪ್ಪಿದರೆ ಹಿಂದಕ್ಕೆ, ಮೊದಲ ಖಾನೆಗೆ. 1972ರಲ್ಲಿ ಜರ್ಮನ್ ಭಾಷೆಯ ಲೇಖಕ ಸೆಬಾಸ್ಟಿಯನ್ ಲೈಟ್ನರ್ ಹೇಳಿದ್ದು ಇಷ್ಟೇ. ಅದು ನನಗೆ ಎರಡು ಸಲ ಕೈಕೊಟ್ಟು ಮೂರನೇ ಸಲ ಯಾಕೆ ಕೈಹಿಡಿಯಿತು ಅನ್ನುವುದಷ್ಟೇ ಇಲ್ಲಿನ ವಿಷಯ. "ಕಾಗದದ ಕಾರ್ಡಾ, ಈ ಕಾಲದಲ್ಲಿ?" ಅಂದವರೂ, "ನಲವತ್ತು ದಾಟಿದ ಮೇಲೆ ಬಾಯಿಪಾಠ ಆಗಲ್ಲ ಬಿಡಿ ಸಾರ್" ಅಂದವರೂ ಈಗ ಪೆಟ್ಟಿಗೆಯ ಅಳತೆ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಬರೆದೇಬಿಡುತ್ತೇನೆ.

ಕಲಿತದ್ದು ಹಳಗನ್ನಡ. ಪರೀಕ್ಷೆಗಲ್ಲ, ಪ್ರಮೋಷನ್‌ಗಲ್ಲ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನ ಆತಕೂರು ಶಾಸನದ ಕಲ್ಲಿನ ಪಾಠವನ್ನು ಪಕ್ಕದಲ್ಲಿ ಅರ್ಥ ಇಟ್ಟುಕೊಳ್ಳದೆ ಓದಬೇಕು, ಗುರಿ ಅಷ್ಟೇ. ಗಂಗರ ದೊರೆ ಬೂತುಗ, ಚೋಳರ ಎದುರು ನಡೆದ ತಕ್ಕೋಲದ ಕಾಳಗ, ಬೂತುಗನ ವೀರ ಮಣಲೇರ ಬೇಡಿ ಪಡೆದ ಕಾಳಿ ಅನ್ನುವ ನಾಯಿ, ಆ ನಾಯಿ ಹಂದಿಯ ಮೇಲೆ ಬಿದ್ದು ಎರಡೂ ಸತ್ತದ್ದು, ಎಲ್ಲ ಒಂದೇ ಕಲ್ಲಿನಲ್ಲಿದೆ. ಗುರಿ ಹೀಗೆ ಒಂದು ಕಲ್ಲಿನಷ್ಟಿದ್ದರೆ ಯಾವ ಪದ ಬೇಕು, ಯಾವುದು ಸದ್ಯಕ್ಕೆ ಬೇಡ ಅನ್ನುವುದು ತಾನಾಗೇ ಗೊತ್ತಾಗುತ್ತದೆ. "ಹಳಗನ್ನಡ ಕಲಿಯಬೇಕು" ಅಂತ ಹೊರಟವರು ನಿಘಂಟಿನ ಅಕಾರದಲ್ಲೇ ನಿಂತುಹೋಗುತ್ತಾರೆ.

ಮೊದಲು ದುಡ್ಡು ಹೋದ ದಾರಿ. ಒಂದು ಆನ್‌ಲೈನ್ ಕೋರ್ಸಿಗೆ ನಾಲ್ಕೂವರೆ ಸಾವಿರ. ಹನ್ನೆರಡು ವಿಡಿಯೋ, ಅದರಲ್ಲಿ ಒಂಬತ್ತು ಕವಿಚರಿತ್ರೆ. ಚಂದಾ ಕಟ್ಟುವ ಆ್ಯಪ್ ಒಂದಕ್ಕೆ ವರ್ಷಕ್ಕೆ ಸಾವಿರದ ಎಂಟುನೂರು. ಅದರಲ್ಲಿ ಹಳಗನ್ನಡದ ೞ ಅಕ್ಷರ ಬರಬೇಕಾದ ಜಾಗದಲ್ಲಿ ಖಾಲಿ ಚೌಕ ಬರುತ್ತಿತ್ತು. ಚರ್ಮದ ರಟ್ಟಿನ ನೋಟುಪುಸ್ತಕಕ್ಕೆ ಆರುನೂರು, ಬರೆದದ್ದು ಎಂಟು ಪುಟ. ಒಟ್ಟು ಏಳು ಸಾವಿರದ ಹತ್ತಿರ, ದಕ್ಕಿದ್ದು ಮೂವತ್ತು ಪದವೂ ಇಲ್ಲ. ಆಮೇಲೆ ಕೆಲಸ ಮಾಡಿದ ವ್ಯವಸ್ಥೆಗೆ ತಗುಲಿದ್ದು ಒಂಬೈನೂರರ ಒಳಗೆ.

ಆ ಒಂಬೈನೂರರ ವಿವರ ಹೀಗಿದೆ. ಅವೆನ್ಯೂ ರಸ್ತೆಯಲ್ಲಿ ದಪ್ಪ ಐವರಿ ಹಾಳೆ, 22 ಇಂಚು 28 ಇಂಚಿನದು, ನಾನು ತಂದಾಗ ಒಂದಕ್ಕೆ ಇಪ್ಪತ್ತೆರಡು ರೂಪಾಯಿಯ ಆಸುಪಾಸು. ಉದ್ದಕ್ಕೂ ಅಗಲಕ್ಕೂ ಎಂಟೆಂಟು ಭಾಗ ಮಾಡಿದರೆ ಒಂದು ಹಾಳೆಗೆ 64 ಕಾರ್ಡು, ಪ್ರತಿಯೊಂದೂ ಎರಡೂಮುಕ್ಕಾಲು ಇಂಚು ಮೂರೂವರೆ ಇಂಚು. ಶರ್ಟಿನ ಜೇಬಿಗೆ ಸರಿಯಾಗಿ ಕೂರುತ್ತದೆ. ಮೂವತ್ತು ಹಾಳೆ ತಂದರೆ ಸಾವಿರದ ಒಂಬೈನೂರು ಚಿಲ್ಲರೆ ಕಾರ್ಡು. ಕತ್ತರಿಯಲ್ಲಿ ಕತ್ತರಿಸಲು ಹೋಗಬೇಡಿ. ಅಂಚು ಒಂದೊಂದು ಒಂದೊಂದು ಥರ ಬಂದರೆ ಎರಡು ವಾರದಲ್ಲಿ ಅರ್ಥಕ್ಕೆ ಬದಲು ಅಂಚಿನ ಗುರುತೇ ನೆನಪಾಗಲು ಶುರು. "ಸೊಟ್ಟ ಮೂಲೆಯದು, ಅಂದರೆ ನೇಸಱ್, ಸೂರ್ಯ" ಅಂತ ತಲೆ ಕಳ್ಳದಾರಿ ಹಿಡಿಯುತ್ತದೆ. ಸುಲ್ತಾನ್‌ಪೇಟೆಯ ಕಡೆ ಮದುವೆ ಪತ್ರಿಕೆ ಅಚ್ಚುಹಾಕುವ ಯಾವುದಾದರೂ ಪ್ರೆಸ್ಸಿನಲ್ಲಿ ಕೇಳಿದರೆ ಕಟಿಂಗ್ ಮಷೀನಿಗೆ ಕೊಟ್ಟು ಮುಗಿಸುತ್ತಾರೆ, ನನಗೆ ನೂರು ರೂಪಾಯಿಯೊಳಗೆ ಆಯಿತು. ಮದುವೆ ಸೀಸನ್ ಬಿಟ್ಟು ಹೋಗಿ. ಪೆನ್ನು ಬಾಲ್‌ಪಾಯಿಂಟೇ ಆಗಬೇಕು. ಜೆಲ್ ಪೆನ್ನಿನಲ್ಲಿ ಬರೆದ ಮೊದಲ ಇನ್ನೂರು ಕಾರ್ಡು ಬೆವರಿಗೂ ಮಳೆಗೂ ಕಲಸಿಹೋದವು. ತೆಳು ಕಾಗದವಾದರೆ ಹಿಂಬದಿಯ ಅರ್ಥ ಬೆಳಕಿಗೆ ಕಾಣುತ್ತದೆ, ಆಗ ಓದುತ್ತಿಲ್ಲ, ಕದಿಯುತ್ತಿದ್ದೇವೆ. ಪೆಟ್ಟಿಗೆ ಚಪ್ಪಲಿ ಡಬ್ಬ. ಅದಕ್ಕೆ ಖರ್ಚಿಲ್ಲ.

ಈಗ ಮುಖ್ಯ ಸೋಲು. ಮೊದಲ ಸಲ ದಿನಕ್ಕೆ ಇಪ್ಪತ್ತು ಹೊಸ ಕಾರ್ಡು. ಮೊದಲ ವಾರ ರಾಜನ ಹಾಗೆ ಹೋಯಿತು. ನಾಲ್ಕನೇ ವಾರದ ಹೊತ್ತಿಗೆ ದಿನಕ್ಕೆ ನೂರರ ಮೇಲೆ ಹಳೆಯವು ಬಂದು ಕೂತವು. ಉತ್ಸಾಹ ಹೋಯಿತು ಅಂತ ಆಗ ಅಂದುಕೊಂಡದ್ದು ತಪ್ಪು. ಹೋದದ್ದು ಲೆಕ್ಕ. ಮೊದಲ ಖಾನೆ ದಿನಾ, ಎರಡನೆಯದು ದಿನ ಬಿಟ್ಟು ದಿನ, ಮೂರನೆಯದು ನಾಲ್ಕು ದಿನಕ್ಕೆ, ನಾಲ್ಕನೆಯದು ಹತ್ತು ದಿನಕ್ಕೆ, ಐದನೆಯದು ತಿಂಗಳಿಗೆ. ಈ ಕ್ರಮದಲ್ಲಿ ಒಂದು ಕಾರ್ಡು ತಪ್ಪುಗಳನ್ನೂ ಸೇರಿಸಿ ತನ್ನ ಆಯುಷ್ಯದಲ್ಲಿ ಎಂಟು ಒಂಬತ್ತು ಸಲ ಕೈಗೆ ಬರುತ್ತದೆ. ದಿನಕ್ಕೆ ಇಪ್ಪತ್ತು ಹೊಸದು ಹಾಕಿದರೆ ಕೆಲವು ತಿಂಗಳಲ್ಲಿ ದಿನಕ್ಕೆ ನೂರೆಂಬತ್ತು ತಿರುವಬೇಕು, ಅದು ಅರ್ಧ ಗಂಟೆ. ಆರು ಹಾಕಿದರೆ ಐವತ್ತನಾಲ್ಕು, ಒಂದಕ್ಕೆ ಹತ್ತು ಸೆಕೆಂಡಿನಂತೆ ಒಂಬತ್ತು ನಿಮಿಷ. ಅರ್ಧ ಗಂಟೆ ಒಳ್ಳೆಯ ದಿನ ಸಿಗುತ್ತದೆ. ಒಂಬತ್ತು ನಿಮಿಷ ಕೆಟ್ಟ ದಿನವೂ ಸಿಗುತ್ತದೆ: ಜ್ವರ ಬಂದಾಗ, ನೀರಿನ ಟ್ಯಾಂಕರ್‌ಗೆ ಕಾಯುವಾಗ, ಸಿಲ್ಕ್ ಬೋರ್ಡಿನಲ್ಲಿ 500ಡಿ ಬಸ್ಸು ನಿಂತಲ್ಲೇ ನಿಂತಾಗ. ಹೊಸ ಕಾರ್ಡಿನ ಸಂಖ್ಯೆಯನ್ನು ನಿಮ್ಮ ಅತಿ ಕೆಟ್ಟ ಸೋಮವಾರ ನೋಡಿ ನಿಗದಿ ಮಾಡಿ, ಯುಗಾದಿ ದಿನದ ಹುಮ್ಮಸ್ಸು ನೋಡಿ ಅಲ್ಲ.

ಎರಡನೇ ಸಲ ಆರರಿಂದಲೇ ಶುರುಮಾಡಿ, ಎಂಟು ತಿಂಗಳು ನಡೆದು, ಅದೂ ಕುಸಿಯಿತು. ಇದನ್ನು ಯಾರೂ ಮೊದಲೇ ಹೇಳಿರಲಿಲ್ಲ. ಐದನೇ ಖಾನೆ ತಿಂಗಳಿಗೊಮ್ಮೆ ಅಂದರೆ ಹಗುರ ಅನ್ನಿಸುತ್ತದೆ. ಆದರೆ ಅಲ್ಲಿ ಸಾವಿರದ ಇನ್ನೂರು ಕಾರ್ಡು ಸೇರಿದ ಮೇಲೆ ದಿನಕ್ಕೆ ನಲವತ್ತು ಅದೊಂದೇ ಖಾನೆಯದಾಯಿತು, ಹೊಸದು ಕಲಿಯುವುದು ಅದರಡಿ ಸಿಕ್ಕಿಕೊಂಡಿತು. ಮದ್ದು ಸುಲಭ. ಐದನೇ ಖಾನೆಯಲ್ಲಿ ಎರಡು ಸಲ ಸರಿಯಾದ ಕಾರ್ಡನ್ನು ಹೊರಗೆ ತೆಗೆದು ಬೇರೆ ಡಬ್ಬಕ್ಕೆ ಹಾಕಿ. ಮರೆತುಹೋದರೆ? ಓದುವಾಗ ಎದುರಾದರೆ ಮತ್ತೆ ಹಾಕಿಕೊಂಡರಾಯಿತು. ಹಾಗೆ ವಾಪಸ್ ಬಂದದ್ದು ನೂರಕ್ಕೆ ಏಳೋ ಎಂಟೋ. ಇನ್ನೊಂದು ತಿದ್ದುಪಡಿ: ನಾಲ್ಕನೇ ಖಾನೆಯಲ್ಲಿ ತಪ್ಪಿದ್ದನ್ನು ನಿಯಮದ ಪ್ರಕಾರ ಒಂದನೆಯದಕ್ಕೆ ತಳ್ಳಬೇಕು. ನಾನು ಎರಡನೆಯದಕ್ಕೆ ಹಾಕುತ್ತೇನೆ. ಅರ್ಧ ಮರೆತದ್ದಕ್ಕೆ ಪೂರ್ತಿ ಶಿಕ್ಷೆ ಕೊಟ್ಟರೆ ಒಂದನೇ ಖಾನೆ ಊದಿಕೊಳ್ಳುತ್ತದೆ.

ಊರಿನ ಜಾತ್ರೆ, ಮದುವೆ ಅಂತ ಒಂದು ವಾರ ತಪ್ಪಿದರೆ ಮುನ್ನೂರು ಬಾಕಿ ಬೀಳುತ್ತದೆ. ಒಂದೇ ದಿನ ತೀರಿಸಲು ಕೂತವರು ಮರುದಿನ ಪೆಟ್ಟಿಗೆ ಮುಟ್ಟುವುದಿಲ್ಲ. ಬಾಕಿ ಮುಗಿಯುವವರೆಗೆ ಹೊಸದು ಬಂದ್, ದಿನಕ್ಕೆ ಎಂಬತ್ತು ಮಾತ್ರ, ಒಂದು ಎರಡು ಮೂರನೇ ಖಾನೆಯದೇ ಮೊದಲು. ತಿಂಗಳಿಗೊಮ್ಮೆ ನೋಡುವ ಕಾರ್ಡು ಐದು ದಿನ ತಡವಾದರೆ ಏನೂ ಆಗದು. ನಿನ್ನೆ ಕಲಿತದ್ದು ಐದು ದಿನ ಬಿಟ್ಟರೆ ಹೋಯಿತು.

ಕಾರ್ಡಿನ ಮೇಲೆ ಏನು ಬರೆಯಬೇಕು ಅನ್ನುವಲ್ಲಿ ಹೆಚ್ಚಿನವರು ಎಡವುತ್ತಾರೆ. ಒಂಟಿ ಪದ ಬರೆದರೆ ಕೆಲಸಕ್ಕೆ ಬಾರದು. ಹಳಗನ್ನಡದ ೞ, ಱ ಈಗಿನ ಕನ್ನಡದಲ್ಲಿ ಳ, ರ ಆಗಿವೆ. ಬಾೞ್ ಅಂದರೆ ಬದುಕು, ಬಾಳ್ ಅಂದರೆ ಕತ್ತಿ. ಅಱಿ ಅಂದರೆ ತಿಳಿ, ಅೞಿ ಅಂದರೆ ನಾಶವಾಗು. ಇವನ್ನು ಒಂದೇ ದಿನ ಬೇರೆ ಬೇರೆ ಕಾರ್ಡಿನಲ್ಲಿ ಹಾಕಿದರೆ ಎರಡೂ ಹಾಳು, ಮೂರು ತಿಂಗಳು ಒಂದನ್ನೊಂದು ತಿನ್ನುತ್ತವೆ. ಅದಕ್ಕೆ ಎರಡು ಉಪಾಯ. ಜೋಡಿಯಲ್ಲಿ ಒಂದನ್ನು ಕಲಿತು ಅದು ಮೂರನೇ ಖಾನೆ ತಲುಪುವವರೆಗೆ ಇನ್ನೊಂದನ್ನು ಪೆಟ್ಟಿಗೆಗೆ ಸೇರಿಸಬೇಡಿ. ಎರಡನೆಯದು, ಒಂಟಿ ಪದದ ಬದಲು ಪದಪುಂಜ ಬರೆಯಿರಿ. "ಬಾಳಂ ಕಿೞ್ತು" ಅಂತ ಮುಂದೆ, "ಕತ್ತಿ ಹಿರಿದು" ಅಂತ ಹಿಂದೆ. "ಅಱಿಯದೆ ಪೊಕ್ಕೞಿದಂ" ಅಂತ ಮುಂದೆ, "ತಿಳಿಯದೆ ನುಗ್ಗಿ ಅಳಿದ" ಅಂತ ಹಿಂದೆ. ಈ ಎರಡನೆಯದು ನಾನೇ ಕಟ್ಟಿದ್ದು, ಹೆಮ್ಮೆಯಿಂದಲೇ ಹೇಳುತ್ತೇನೆ. ಒಂದೇ ಕಾರ್ಡಿನಲ್ಲಿ ಱ, ೞ, ಪುಗು (ಹೊಗು) ಧಾತುವಿನ ಭೂತರೂಪ ಮತ್ತು ಸಂಧಿ, ನಾಲ್ಕೂ ಇವೆ. ಪದ ನಾಲ್ಕಕ್ಕಿಂತ ಹೆಚ್ಚಾದರೆ ಮಾತ್ರ ಕಾರ್ಡು ಸಾಯುತ್ತದೆ, ಹತ್ತು ಸೆಕೆಂಡು ಇಪ್ಪತ್ತೈದಾಗುತ್ತದೆ.

ವಿಭಕ್ತಿಗೂ ಕ್ರಿಯಾರೂಪಕ್ಕೂ ಬೇರೆ ಕಾರ್ಡು ಮಾಡಲೇ ಇಲ್ಲ. ಊರೊಳ್, ಮರನಂ, ಮಾಡಿದಪಂ ಇಂಥವು ಪದಪುಂಜದ ಜೊತೆಗೇ ಬಂದು ಕೂರುತ್ತವೆ. ಪಕಾರ ಹಕಾರವಾಗುವುದಕ್ಕೂ ಕಾರ್ಡು ದಂಡ. ಪಾಲ್ ಹಾಲಾಯಿತು, ಪೂ ಹೂವಾಯಿತು ಅಂತ ಗೊತ್ತಿದ್ದರೆ ನಾನೂರು ಪದ ಪುಕ್ಕಟೆ.

ಱ, ೞ ಗೊಂದಲಕ್ಕೆ ಬೆಂಗಳೂರಿನಲ್ಲಿ ಇರುವವರಿಗೆ ಬೇರೆಲ್ಲೂ ಇಲ್ಲದ ಅನುಕೂಲವೊಂದಿದೆ. ಪಕ್ಕದ ಮನೆಯ ಅಥವಾ ಆಫೀಸಿನ ತಮಿಳರನ್ನು ಕೇಳಿ. ಮಳೆ, ಕೋಳಿ, ಬಾಳೆ, ಏಳು (ಸಂಖ್ಯೆ) ಇವಕ್ಕೆ ಅವರ ಪದ ಹೇಳಿಸಿ. ನಾಲಗೆ ಹಿಂದಕ್ಕೆ ಮಡಿಸುವ ಆ ದನಿ ಬಂದರೆ ಹಳಗನ್ನಡದಲ್ಲಿ ೞ: ಮೞೆ, ಕೋೞಿ, ಬಾೞೆ, ಏೞು. ಆರು, ನೂರು ಇವಕ್ಕೆ ಅವರು ಗಡಸು ರಕಾರದ ಅಕ್ಷರ ಬರೆದರೆ ನಮ್ಮದು ಆಱು, ನೂಱು. ಹತ್ತಕ್ಕೆ ಒಂಬತ್ತು ಸಲ ಸರಿಹೋಗುತ್ತದೆ. ಸಂಶಯವಾದರೆ 1894ರ ಕಿಟೆಲ್ ನಿಘಂಟು ಇದೆ, ಅದರಲ್ಲಿ ಎರಡೂ ಅಕ್ಷರ ಬೇರೆ ಬೇರೆಯಾಗಿಯೇ ಇವೆ, ಸ್ಕ್ಯಾನ್ ಪ್ರತಿ ಪುಕ್ಕಟೆ ಸಿಗುತ್ತದೆ. ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟದ ನಿಘಂಟನ್ನು ಕೊಳ್ಳಲು ಹೋಗಬೇಡಿ, ಲೈಬ್ರರಿಯಲ್ಲಿ ಕೂತು ವಾರಕ್ಕೊಮ್ಮೆ ನೋಡಿದರೆ ಸಾಕು.

ಫೋನಿನಲ್ಲಿ ಯಾಕೆ ಬೇಡ ಅಂತ ಕೇಳುತ್ತಾರೆ. ಆಂಕಿ ಅನ್ನುವ ಕಾರ್ಡು ಆ್ಯಪ್ ಕೆಟ್ಟದ್ದೇನಲ್ಲ, ಆ್ಯಂಡ್ರಾಯ್ಡಿನಲ್ಲಿ ಕಾಸೂ ಇಲ್ಲ. ಎರಡು ತೊಡಕು. ನುಡಿ ತಂತ್ರಾಂಶದ ಹಳೆಯ ಕಡತಗಳಿಂದ ಅಂಟಿಸಿದ ಪಠ್ಯ ಯೂನಿಕೋಡ್ ಅಲ್ಲದಿದ್ದರೆ ಇಂಗ್ಲಿಷ್ ಅಕ್ಷರಗಳ ಕಿಚಡಿಯಾಗಿ ಬರುತ್ತದೆ, ಪರಿವರ್ತಿಸಿದರೆ ೞ ಎಲ್ಲೋ ಳ ಆಗಿರುತ್ತದೆ. ಅದು ಗೊತ್ತಾಗುವಷ್ಟರಲ್ಲಿ ತಪ್ಪು ಬಾಯಿಪಾಠವಾಗಿರುತ್ತದೆ. ಎರಡನೆಯದು ಫೋನು ತೆಗೆದರೆ ವಾಟ್ಸ್ಆ್ಯಪ್ಪು. ಅದಕ್ಕಿಂತ ದೊಡ್ಡದು, ಕೈಯಲ್ಲಿ ಬರೆಯುವಾಗಲೇ ಪದ ಕಾಲು ಭಾಗ ಕೂತಿರುತ್ತದೆ. ಆರು ಕಾರ್ಡು ಬರೆಯಲು ಏಳೆಂಟು ನಿಮಿಷ. ಭಾನುವಾರವೇ ವಾರದ ಮೂವತ್ತಾರನ್ನೂ ಬರೆದಿಟ್ಟುಬಿಡಿ. ಭಾನುವಾರ ಹೊಸದು ಕಲಿಯುವುದಿಲ್ಲ, ಬರೆಯುವುದು ಮಾತ್ರ.

ಜೇಬಿಗೆ ಇಪ್ಪತ್ತೈದರ ಕಟ್ಟು, ಎರಡು ರಬ್ಬರ್ ಬ್ಯಾಂಡು. ತೂತು ಮಾಡಿ ರಿಂಗ್ ಹಾಕುವುದನ್ನು ನೋಡಿದೆ, ಮೆಟ್ರೋದಲ್ಲಿ ಒಂದು ಕೈ ಹಿಡಿಕೆಗೆ ಹೋದರೆ ರಿಂಗು ತಿರುಗುವುದಿಲ್ಲ. ಬ್ಯಾಂಡಾದರೆ ಹೆಬ್ಬೆರಳಲ್ಲೇ ತಳ್ಳಬಹುದು. ಸರಿಯಾದದ್ದು ಹಿಂದಕ್ಕೆ, ತಪ್ಪಿದ್ದು ಅಡ್ಡ ತಿರುಗಿಸಿ ಹಿಂದಕ್ಕೆ. ಮನೆಗೆ ಬಂದು ಅಡ್ಡ ಇದ್ದವನ್ನು ವಿಂಗಡಿಸಿದರೆ ಮುಗಿಯಿತು.

ಮಧ್ಯೆ ಕೆಲವು ಅಡ್ಡದಾರಿಯ ಪ್ರಯೋಗ. ಬಣ್ಣದ ಶಾಯಿ, ನಾಮಪದಕ್ಕೆ ನೀಲಿ, ಕ್ರಿಯಾಪದಕ್ಕೆ ಕೆಂಪು: ಬಣ್ಣ ನೆನಪಾಯಿತು, ಪದ ಇಲ್ಲ. ದನಿ ರೆಕಾರ್ಡ್ ಮಾಡಿ ಪಾತ್ರೆ ತೊಳೆಯುವಾಗ ಕೇಳುವುದು: ಕಿವಿಗೆ ಹಿತ, ತಲೆಗೆ ಸೊನ್ನೆ. ಕಂದಪದ್ಯ ಮಾತ್ರ ಗೆದ್ದಿತು. ಮೊದಲ ಸಾಲಿಗೆ ಹನ್ನೆರಡು ಮಾತ್ರೆ, ಎರಡನೆಯದಕ್ಕೆ ಇಪ್ಪತ್ತು, ನಾಲ್ಕು ನಾಲ್ಕರ ಗಣ. ತೊಡೆಯ ಮೇಲೆ ತಾಳ ಹಾಕಿಕೊಂಡು ವಾರಕ್ಕೊಂದು ಪದ್ಯ ಬಾಯಿಪಾಠ ಮಾಡಿದರೆ, ಪದ್ಯವೊಂದಕ್ಕೆ ಹತ್ತು ಹನ್ನೆರಡು ಪದ ಕಾರ್ಡಿಲ್ಲದೆ ಬರುತ್ತವೆ. ಮಾತ್ರೆ ತಪ್ಪಿದರೆ ಪದ ತಪ್ಪಿದೆ ಅಂತ ಪದ್ಯವೇ ಹೇಳುತ್ತದೆ.

ಹದಿನಾಲ್ಕು ತಿಂಗಳ ಕೊನೆಗೆ ಸುಮಾರು ಸಾವಿರದ ಏಳುನೂರು ಕಾರ್ಡು. ಯಾವುದೇ ದಿನ ತೆಗೆದರೂ ನೂರಕ್ಕೆ ಎಂಬತ್ತೈದರ ಹತ್ತಿರ ಸರಿ. ಆತಕೂರು ಕಲ್ಲಿನ ಅಚ್ಚಾದ ಪಾಠದಲ್ಲಿ ಹತ್ತು ಸಾಲಿಗೆ ಏಳೆಂಟು ಸಾಲು ಎಲ್ಲೂ ನಿಲ್ಲದೆ ಹೋಗುತ್ತದೆ, ಉಳಿದದ್ದು ಹೆಚ್ಚಾಗಿ ಬಿರುದು ಮತ್ತು ಊರ ಹೆಸರು. ಮೊದಲ ಇನ್ನೂರು ಪದಗಳನ್ನು ಯಾವ ಕ್ರಮದಲ್ಲಿ ಹಾಕಿದೆ ಅನ್ನುವುದನ್ನು ಮಾತ್ರ ಇಲ್ಲಿ ಬಿಚ್ಚುವುದಿಲ್ಲ. ಅದಕ್ಕೆ ಆರು ತಿಂಗಳು ಹೋಗಿದೆ. ಕಾರ್ಡಿನ ಹಿಂಬದಿಯ ಎಡಮೂಲೆಯಲ್ಲಿ ಹಾಕುವ ಚುಕ್ಕೆಯ ಅರ್ಥವೂ ಸದ್ಯಕ್ಕೆ ನನ್ನಲ್ಲೇ ಇರಲಿ.

ಈಗ ಅದೇ ಪೆಟ್ಟಿಗೆಗೆ ಲಿಪಿ ಸೇರಿದೆ. ಕಲ್ಲಿನ ಮೇಲಿನ ಹತ್ತನೇ ಶತಮಾನದ ಅಕ್ಷರದ ಫೋಟೋ ಕತ್ತರಿಸಿ ಅಂಟಿಸಿದ ಕಾರ್ಡು, ಅದೂ ದಿನಕ್ಕೆ ಒಂದೇ. ಗೋಂದಿನಲ್ಲಿ ಅಂಟಿಸಿದರೆ ಕಾರ್ಡು ಸುರುಳಿ ಸುತ್ತುತ್ತದೆ, ಗ್ಲೂ ಸ್ಟಿಕ್ಕು ಪರವಾಗಿಲ್ಲ. ಮಕಾರವೂ ವಕಾರವೂ ಮೂರನೇ ಖಾನೆ ದಾಟಲು ಒಪ್ಪುತ್ತಿಲ್ಲ. ಎರಡನ್ನೂ ಒಂದೇ ವಾರ ಹಾಕಿದ್ದು ನನ್ನದೇ ತಪ್ಪು. ವಕಾರವನ್ನು ಹೊರಗೆ ತೆಗೆದಿಟ್ಟಿದ್ದೇನೆ, ಮಕಾರ ನಾಲ್ಕನೆಯದಕ್ಕೆ ಹೋದ ಮೇಲೆ ನೋಡೋಣ.