ಕೃತಕ ಕಾಲಿನ ಸಾಕ್ಸ್ ಲೆಕ್ಕ

ಮಂಡಿಯ ಕೆಳಗೆ ಕಾಲು ತೆಗೆದವರಿಗೆ ಕೃತಕ ಕಾಲು ಕೊಟ್ಟು ಕಳಿಸುವಾಗ ನಡೆಯೋದು ಹೇಳಿಕೊಡ್ತಾರೆ. ಉಳಿದ ಕಾಲಿನ ತುಂಡಿಗೆ, ಅಂದರೆ ಮೋಟಿಗೆ, ಹಾಕೋ ಸಾಕ್ಸಿನ ಲೆಕ್ಕ ಮಾತ್ರ ದಿನಾ ನಾವೇ ಹಾಕಬೇಕು. ಅದು ತಪ್ಪಿದರೆ ಎಂಥ ಒಳ್ಳೆ ಕೃತಕ ಕಾಲೂ ಹುಣ್ಣು ಮಾಡುತ್ತೆ.

ಮೋಟು ಬೆಳಿಗ್ಗೆ ತುಂಬಿಕೊಂಡಿರುತ್ತೆ, ಸಾಕೆಟ್ಟಿನೊಳಗೆ (ಕೃತಕ ಕಾಲಿನಲ್ಲಿ ಮೋಟು ಕೂರುವ ಬಟ್ಟಲು) ಒತ್ತಿ ಒತ್ತಿ ಮಧ್ಯಾಹ್ನಕ್ಕೆ ಸಣ್ಣಗಾಗುತ್ತೆ. ಬೆಳಿಗ್ಗೆ 3 ಪ್ಲೈ (ಪ್ಲೈ ಅಂದರೆ ಸಾಕ್ಸಿನ ದಪ್ಪದ ಅಳತೆ) ಹಾಕಿ ಹೊರಟರೆ ಊಟದ ಹೊತ್ತಿಗೆ ಅದರ ಮೇಲೆ 1 ಪ್ಲೈ ಸೇರಿಸ್ತೀನಿ. ಮಂಡಿಚಿಪ್ಪಿನ ಕೆಳ ಅಂಚು ಅಥವಾ ಮೋಟಿನ ತುದಿ ನೋಯ್ತಿದ್ದರೆ ಮೋಟು ಸಾಕೆಟ್ಟಿನಲ್ಲಿ ಕುಸಿದಿದೆ, ಸಾಕ್ಸ್ ಸಾಲದು ಅಂತ ಅರ್ಥ. ಮೋಟು ಸಾಕೆಟ್ಟಿನೊಳಗೆ ಪೂರ್ತಿ ಇಳಿಯದೆ ಕಾಲು ಉದ್ದ ಆದಂತೆ ಅನಿಸಿದರೆ ಸಾಕ್ಸ್ ಜಾಸ್ತಿಯಾಗಿದೆ. ಹತ್ತು ಪ್ಲೈ ದಾಟಿತು ಅಂದರೆ ಇನ್ನೂ ಸಾಕ್ಸ್ ತುರುಕಬೇಡಿ, ಕಾಲು ಮಾಡಿಕೊಟ್ಟವರಿಗೆ ಸಾಕೆಟ್ ತೋರಿಸಿ. ಮೊದಲ ವರ್ಷ ಮೋಟು ಸಣ್ಣಗಾಗೋದು ಮಾಮೂಲು. ಮಂಡ್ಯದ ಏಪ್ರಿಲ್ ಬಿಸಿಲಲ್ಲಿ ಸಾಕ್ಸ್ ಬೆವರಿಗೆ ಒದ್ದೆಯಾಗುತ್ತೆ, ಚೀಲದಲ್ಲಿ ಒಣಗಿದ ಒಂದು ಜೊತೆ ಇರಲೇಬೇಕು. ಹಾಕುವಾಗ ಒಂದು ಮಡಿಕೆ ಉಳಿದರೂ ಬೊಬ್ಬೆ ಏಳುತ್ತೆ.

ಕಾಲು ಬಿಚ್ಚಿದ ಮೇಲೆ ಕನ್ನಡಿ ಹಿಡಿದು ಮೋಟಿನ ಹಿಂಭಾಗವನ್ನೂ ನೋಡಿ. ಚಿಪ್ಪಿನ ಕೆಳಗೆ ಕೆಂಪಾಗಿ ಹತ್ತು-ಹದಿನೈದು ನಿಮಿಷದಲ್ಲಿ ಮಾಯವಾದರೆ ಭಯವಿಲ್ಲ. ಎಲುಬಿನ ತುದಿ ಮೇಲೆ ಕೆಂಪು ಉಳಿದರೆ ಅವತ್ತು ಕಾಲು ಹಾಕಬಾರದು. ಸಕ್ಕರೆ ಕಾಯಿಲೆಯಿಂದ ಕಾಲು ಹೋದ ಅನೇಕರಿಗೆ ನೋವೇ ಗೊತ್ತಾಗಲ್ಲ, ಅವರು ಕಣ್ಣನ್ನೇ ನಂಬಬೇಕು. ಮೋಟನ್ನು ತೊಳೆಯೋದು ರಾತ್ರಿ. ಬೆಳಿಗ್ಗೆ ತೊಳೆದರೆ ಚರ್ಮ ನೆನೆದು ಸಾಕೆಟ್ಟಿಗೆ ಅಂಟುತ್ತೆ.

ಚಪ್ಪಲಿ ವಿಷಯ ಯಾರೂ ಹೇಳಲ್ಲ. ಹಿಮ್ಮಡಿ ಎತ್ತರದ ಶೂಗೆ ಹೊಂದಿಸಿದ ಪಾದದಲ್ಲಿ ಬರಿಗಾಲಾಗಿ ನಿಂತರೆ ಮಂಡಿ ಹಿಂದಕ್ಕೆ ತಳ್ಳಿಕೊಳ್ಳುತ್ತೆ, ಸಮನೆಲದಲ್ಲೂ ದಿಬ್ಬ ಹತ್ತಿದ ಹಾಗೆ ಆಗುತ್ತೆ. ನಮ್ಮ ಕಡೆ ಮನೆಯೊಳಗೆ, ದೇವಸ್ಥಾನದಲ್ಲಿ ಚಪ್ಪಲಿ ಬಿಡದೆ ಆಗುತ್ತಾ? ಹಾಗಾಗಿ ಅಳತೆ ಕೊಡುವಾಗಲೇ 'ಹೆಚ್ಚು ಹೊತ್ತು ಬರಿಗಾಲು' ಅಂತ ಹೇಳಬೇಕು. 1968ರಲ್ಲಿ ರಾಮಚಂದ್ರ ಶರ್ಮಾ ಮತ್ತು ಡಾ. ಪಿ.ಕೆ. ಸೇಠಿ ರೂಪಿಸಿದ ಜೈಪುರ ಪಾದ ಬರಿಗಾಲಲ್ಲಿ ನಡೆಯುವವರಿಗಾಗಿಯೇ ಮಾಡಿದ್ದು. ರಬ್ಬರಿನದಾದ್ದರಿಂದ ನಾಲೆ ನೀರು ಬಿಟ್ಟ ಗದ್ದೆಗೂ ಇಳಿಯಬಹುದು. ಆದರೆ ಕೆಸರು ಕಾಲನ್ನು ಎಳೆಯುತ್ತೆ, ಮಂಡಿ ಮೇಲಿನ ಪಟ್ಟಿ ಬಿಗಿ ಇಲ್ಲದಿದ್ದರೆ ಮೋಟು ಮಾತ್ರ ಮೇಲೆ ಬಂದು ಕಾಲು ಅಲ್ಲೇ ಉಳಿಯುತ್ತೆ. ಬದುವಿನ ಮೇಲೆ ನಡೆಯುವಾಗ ಕೋಲು ಒಳ್ಳೆ ಕಾಲಿನ ಕಡೆಯ ಕೈಯಲ್ಲಿರಲಿ.

ಬಸ್ ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಕೃತಕ ಕಾಲು ಮೊದಲು. ಮೆಟ್ಟಿಲಿಗೂ ಅದೇ.

ಕುಕ್ಕರಗಾಲಲ್ಲಿ ಕೂತರೆ ಸಾಕೆಟ್ಟಿನ ಹಿಂದಿನ ಅಂಚು ತೊಡೆಗೆ ಕೊರೆಯುತ್ತೆ, ಅದಕ್ಕೆ ನೆಲದ ಕಕ್ಕಸಿನ ಮೇಲೆ ನಡುವೆ ತೂತಿರುವ ಕುರ್ಚಿ ಇಡಿಸಿದರೆ ಒಳ್ಳೇದು. ಸ್ನಾನಕ್ಕೆ ಕಾಲು ಬಿಚ್ಚಿ ಸ್ಟೂಲ್ ಮೇಲೆ ಕೂರೋದೇ ಸರಿ, ಕುಂಟಿಕೊಂಡು ಹೋಗೋ ಧೈರ್ಯ ಬೇಡ. ಮೈಸೂರಿನ ಹಳೇ ಮನೆಗಳ ರೆಡ್ ಆಕ್ಸೈಡ್ ನೆಲ ಒದ್ದೆಯಾದರೆ ಊರುಗೋಲಿನ ರಬ್ಬರ್ ಬುಷ್ ಜಾರುತ್ತೆ. ಸವೆದ ಬುಷ್ ಆದರೆ ಒಣ ನೆಲದಲ್ಲೂ ಜಾರುತ್ತೆ.

ಹೊಸದಾಗಿ ಕಾಲು ತೆಗೆದವರು ಮಂಡಿ ಕೆಳಗೆ ದಿಂಬು ಇಟ್ಟುಕೊಳ್ಳಬಾರದು. ಹಾಯಾಗಿರುತ್ತೆ ನಿಜ, ಆದರೆ ಮಂಡಿ ಮಡಿಸಿದ ಹಾಗೇ ಬಿಗಿದರೆ ಆಮೇಲೆ ಕಾಲು ಕೂರಿಸೋದೇ ಕಷ್ಟ. ಕ್ರೇಪ್ ಬ್ಯಾಂಡೇಜನ್ನು ತುದಿಯಲ್ಲಿ ಬಿಗಿ, ಮೇಲಕ್ಕೆ ಸಡಿಲ ಇರುವಂತೆ ಓರೆಯಾಗಿ ಸುತ್ತಬೇಕು. ಉಂಗುರದ ಹಾಗೆ ಸುತ್ತಿದರೆ ರಕ್ತ ಕಟ್ಟುತ್ತೆ. ನಾಲ್ಕಾರು ಗಂಟೆಗೊಮ್ಮೆ ಬಿಚ್ಚಿ ಮತ್ತೆ ಕಟ್ಟಬೇಕು.

ಇಲ್ಲದ ಪಾದ ಉರಿಯೋದು, ಬೆರಳು ತಿರುಚಿದಂತಾಗೋದು ಭ್ರಮೆಯಲ್ಲ, ನರದ ಕೆಲಸ. ಮೋಟನ್ನು ಉಜ್ಜಿದರೆ, ಕನ್ನಡಿಯಲ್ಲಿ ಒಳ್ಳೆ ಕಾಲಿನ ಬಿಂಬ ನೋಡ್ತಾ ಆಡಿಸಿದರೆ ಕೆಲವರಿಗೆ ತಗ್ಗುತ್ತೆ. ಅದಕ್ಕಿಂತ ಅಪಾಯದ್ದು ರಾತ್ರಿ ಮೂತ್ರಕ್ಕೆ ಏಳುವಾಗ ಕಾಲಿಲ್ಲ ಅನ್ನೋದು ಮರೆತು ಹೆಜ್ಜೆ ಇಡೋದು. ಮಂಚದಿಂದ ಇಳಿಯೋ ಜಾಗಕ್ಕೆ ಅಡ್ಡ ಕುರ್ಚಿ ಇಟ್ಟು ಮಲಗಿ, ಊರುಗೋಲು ಅದಕ್ಕೇ ಒರಗಿಸಿರಿ.