ನಲ್ಲಿ ನೀರಿನ ದೂರಿಗೆ ಲೀಟರ್ ಲೆಕ್ಕ ಕೊಡುವುದು ಹೇಗೆ

ಮಂಗಳೂರಿಗೆ ನೀರು ಕೊಡುವ ನೇತ್ರಾವತಿಯ ತುಂಬೆ ಕಿಂಡಿ ಅಣೆಕಟ್ಟಿನಲ್ಲಿ ಅಥವಾ ಉಡುಪಿಗೆ ಕೊಡುವ ಸ್ವರ್ಣೆಯ ಬಜೆ ಅಣೆಕಟ್ಟಿನಲ್ಲಿ ನೀರು ಇಳಿದು, ಬೇಸಗೆಯಲ್ಲಿ ದಿನ ಬಿಟ್ಟು ದಿನ ನೀರು ಬಿಡಲು ಶುರುವಾದಾಗ, 'ನಮಗೆ ನೀರೇ ಬರುವುದಿಲ್ಲ' ಎಂದು ಬರೆದುಕೊಟ್ಟ ಅರ್ಜಿ ಹೆಚ್ಚಾಗಿ 'ಪರಿಶೀಲಿಸಲಾಗುವುದು' ಎಂಬ ಒಂದೇ ಮಾತಿನಲ್ಲಿ ಮುಗಿಯುತ್ತದೆ. ಗುಡ್ಡದ ಮೇಲೆ ಮನೆಯಿರುವ ನನಗೂ ಎರಡು ಸಲ ಅದೇ ಉತ್ತರ ಬಂತು. ಮೂರನೆಯ ಅರ್ಜಿಯಲ್ಲಿ ಲೆಕ್ಕ ಬರೆದೆ. ಇಂಜಿನಿಯರರು ಬಂದು ನೋಡಿ ಹೋದರು.

ಲೆಕ್ಕಕ್ಕೆ ಬೇಕಾಗುವುದು ಒಂದು ಬಕೆಟ್, ಒಂದು ಗಡಿಯಾರ, ಒಂದು ನೋಟುಪುಸ್ತಕ. ಅಡುಗೆಮನೆಯ ನಲ್ಲಿಯಲ್ಲಿ ಅಳೆಯಬೇಡಿ. ಅಲ್ಲಿ ಬರುವುದು ನಿಮ್ಮದೇ ಟಾಂಕಿಯ ನೀರು. ನೆಲದಡಿಯ ತೊಟ್ಟಿಗೆ (ಸಂಪ್) ನೀರು ಬೀಳುವ ಪೈಪಿನ ಬಾಯಿಗೆ 15 ಲೀಟರಿನ ಬಕೆಟ್ ಹಿಡಿದು, ಅದು ತುಂಬಲು 90 ಸೆಕೆಂಡು ಬೇಕಾದರೆ, ನಿಮಿಷಕ್ಕೆ 10 ಲೀಟರಿನಂತೆ, ನೀರು ಎರಡು ಗಂಟೆ ಬಂದ ದಿನ 1,200 ಲೀಟರ್ ಬಂದಂತಾಯಿತು. ಒಳಚರಂಡಿಯಿರುವ ನಗರಗಳಿಗೆ ಕೇಂದ್ರ ಸರ್ಕಾರದ ಕೈಪಿಡಿ ಹೇಳುವುದು ತಲೆಗೆ ದಿನಕ್ಕೆ 135 ಲೀಟರ್. ಐದು ಜನರ ಮನೆಗೆ ಎರಡು ದಿನಕ್ಕೆ 1,350 ಲೀಟರ್ ಬೇಕು. ಹಾಗಾಗಿ ನಿಮ್ಮ ಕೊರತೆ 150 ಲೀಟರ್. ಗ್ರಾಮ ಪಂಚಾಯತ್ ವ್ಯಾಪ್ತಿಯವರು ಜಲ ಜೀವನ್ ಮಿಷನ್ನಿನ 55 ಲೀಟರನ್ನು ಹಿಡಿದು ಲೆಕ್ಕ ಹಾಕಬೇಕು. ಎರಡು ವಾರ, ನೀರು ಬಂದ ಹೊತ್ತು, ನಿಂತ ಹೊತ್ತು ಮತ್ತು ಮೀಟರಿನ ಅಂಕಿಯನ್ನು ಬರೆದಿಡಿ. ನೀರು ಬರುವ ಮೊದಲು ಪೈಪಿನ ಗಾಳಿ ಬುಸುಗುಟ್ಟುತ್ತಾ ಹೊರಬೀಳುವಾಗ ಮೀಟರಿನ ಮುಳ್ಳು ತಿರುಗುವುದುಂಟು. ಗಾಳಿಗೂ ಬಿಲ್ಲು ಕಟ್ಟುವ ಈ ಭಾಗ್ಯವನ್ನು ಸಾಧ್ಯವಾದರೆ ವಿಡಿಯೋ ಮಾಡಿಕೊಳ್ಳಿ.

ಅರ್ಜಿಯಲ್ಲಿ ಕಾನೂನಿಗೆ ಎರಡು ವಾಕ್ಯ ಸಾಕು. ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನಲ್ಲಿ ಮಾಲಿನ್ಯವಿಲ್ಲದ ನೀರೂ ಸೇರಿದೆಯೆಂದು ಸುಪ್ರೀಂ ಕೋರ್ಟು 1991ರ ಸುಭಾಷ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ವಿಶ್ವಸಂಸ್ಥೆಯ ಮಹಾಸಭೆಯು 2010ರ ಜುಲೈ 28ರಂದು ನೀರನ್ನು ಮಾನವ ಹಕ್ಕೆಂದು ಒಪ್ಪಿದಾಗ ಭಾರತವೂ ಪರವಾಗಿ ಮತ ಹಾಕಿತ್ತು. 'ನಿರ್ವಹಣೆ ಗುತ್ತಿಗೆದಾರರದ್ದು, ಅವರನ್ನೇ ಕೇಳಿ' ಎಂಬ ಮಾತಿಗೆ ಮಣಿಯಬೇಡಿ. ಸುಧಾರಣೆಯ ಹೆಸರಿನಲ್ಲಿ ಪಂಪು, ಪೈಪು, ಬಿಲ್ಲು ಯಾರ ಕೈಗೆ ಹೋದರೂ ನೀರು ಕೊಡುವ ಹೊಣೆ ಸ್ಥಳೀಯ ಸಂಸ್ಥೆಯದ್ದೇ ಆಗಿರುವುದರಿಂದ, ಅರ್ಜಿಯನ್ನು ಮಂಗಳೂರಿನವರು ಪಾಲಿಕೆಯ ಆಯುಕ್ತರಿಗೆ, ಉಡುಪಿಯವರು ನಗರಸಭೆಯ ಪೌರಾಯುಕ್ತರಿಗೆ ಬರೆಯಬೇಕು. ಸ್ವೀಕೃತಿಯ ಮೊಹರು ಬೀಳದೆ ಕೌಂಟರ್ ಬಿಡಬೇಡಿ.

ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿ, 150 ಪದಗಳೊಳಗೆ ಇರಬೇಕಾದ್ದರಿಂದ, 'ನೀರು ಏಕೆ ಬರುವುದಿಲ್ಲ' ಎಂದು ಕೇಳಿ ಅದನ್ನು ಹಾಳುಮಾಡಿಕೊಳ್ಳಬೇಡಿ. ಕಾರಣ ಕೇಳಿದರೆ ಅದು ಮಾಹಿತಿಯೇ ಅಲ್ಲವೆಂದು ತಳ್ಳಿಹಾಕುತ್ತಾರೆ. ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ ನಿಮ್ಮ ರಸ್ತೆಯ ವಾಲ್ವ್ ತೆರೆದ ಮತ್ತು ಮುಚ್ಚಿದ ಹೊತ್ತಿನ ದಾಖಲೆಯ ಪ್ರತಿಯನ್ನು ಕೇಳಿ. 30 ದಿನಗಳಲ್ಲಿ ಅದು ಬಂದರೆ ನಿಮ್ಮ ನೋಟುಪುಸ್ತಕದ ಪಕ್ಕದಲ್ಲಿಟ್ಟು ತಾಳೆ ನೋಡಿ. ಬಾರದಿದ್ದರೆ ಮುಂದಿನ 30 ದಿನಗಳೊಳಗೆ ಮೊದಲ ಮೇಲ್ಮನವಿ ಸಲ್ಲಿಸಿ.