ಸಂಜೆ ಐದಕ್ಕೆ ನೀರಿನ ಘಟಕದ ಹತ್ತಿರ

ನಮ್ಮ ವರದಿಯ ಫಾರಂನಲ್ಲಿ ಮಗುವಿನ ಮನೆಯ ಶಿಸ್ತಿನ ಬಗ್ಗೆ ಬರೆಯಬೇಕು. ವರ್ಷಗಟ್ಟಲೆ ನಾನು ಅಲ್ಲಿ ಬರೆದದ್ದು ಎರಡೇ ಪದ. ‘ಕಟ್ಟುನಿಟ್ಟು’, ಇಲ್ಲವೇ ‘ಸಡಿಲ’. ಕೋವಿಡ್ ಬಂದ ಮೇಲೆ ಅವೆರಡೂ ಸಾಲಲಿಲ್ಲ.

ನಾನು ಬಾಲ ನ್ಯಾಯ ಮಂಡಳಿಗೆ, ಅಂದರೆ ಅಪರಾಧದ ಆರೋಪ ಹೊತ್ತ ಮಕ್ಕಳ ಪ್ರಕರಣ ನೋಡುವ ಮಂಡಳಿಗೆ, ವರದಿ ಕೊಡುವ ಪರಿವೀಕ್ಷಣಾಧಿಕಾರಿ. ಜನ ಕರೆಯುವುದು ಪ್ರೊಬೇಷನ್ ಮೇಡಂ ಅಂತ. ಮಗುವನ್ನು ಮಂಡಳಿಯ ಮುಂದೆ ಮೊದಲ ಸಲ ಹಾಜರುಪಡಿಸಿದ 15 ದಿನದೊಳಗೆ ಅದರ ಮನೆ, ಹಿನ್ನೆಲೆ ತಿಳಿಸುವ ಸಾಮಾಜಿಕ ತನಿಖಾ ವರದಿ ಹೋಗಬೇಕು. ಮಾಮೂಲಿ ದಿನಗಳಲ್ಲಾದರೆ ಮನೆಗೆ ಹೋಗಿ, ಅಡುಗೆಮನೆ ಬಾಗಿಲಲ್ಲಿ ಕೂತು ಮಾತಾಡುತ್ತಿದ್ದೆ. 2020ರ ಜುಲೈನಲ್ಲಿ ಎಲ್ಲಿ ನೋಡಿದರೂ ಸೀಲ್‌ಡೌನ್. ಎಲ್ಲ ಫೋನಿನಲ್ಲೇ.

ಹುಡುಗನಿಗೆ 15. ಮೊಬೈಲ್ ಕದ್ದು ಸಿಕ್ಕಿಬಿದ್ದು, ಜಾಮೀನಿನ ಮೇಲೆ ಮನೆಗೆ ಬಂದಿದ್ದ. ಅಪ್ಪ ಹೋಟೆಲ್ ಸಪ್ಲೈಯರ್. ಲಾಕ್‌ಡೌನ್ ಶುರುವಾದಾಗಿನಿಂದ ಕೆಲಸ ಇಲ್ಲ. ಒಂದೇ ಕೋಣೆಯಲ್ಲಿ ಇಡೀ ದಿನ ಅಪ್ಪ ಮಗ ಎದುರುಬದುರು. ‘ನಾನು ಭಾಳ ಸ್ಟ್ರಿಕ್ಟು ಮೇಡಂ, ಹೊಡೆದೂ ನೋಡ್ದೆ’ ಅಂದರು. ಫೋನು ಸ್ಪೀಕರಿನಲ್ಲಿತ್ತು. ಹುಡುಗನ ಬಾಯಿಂದ ಬಂದದ್ದು ‘ಹ್ಞೂಂ ಮೇಡಂ’, ‘ಇಲ್ಲ ಮೇಡಂ’, ಅಷ್ಟೇ.

‘ನಿಮ್ಮನೆಗೆ ಕುಡಿಯೋ ನೀರು ಯಾರು ತರ್ತಾರೆ?’ ಅಂತ ಕೇಳಿದೆ. ಅವನೇ. ಅಮ್ಮನಿಗೆ ಹೇಳಿ, ಸಂಜೆ 5ಕ್ಕೆ ಅವನು ಫೋನ್ ಜೇಬಿಗೆ ಹಾಕಿಕೊಂಡು ಕ್ಯಾನ್ ಹಿಡಿದು ಶುದ್ಧ ನೀರಿನ ಘಟಕಕ್ಕೆ ಬರುವ ಏರ್ಪಾಡು ಮಾಡಿದೆ. ಮೂರು ದಿನ ನನಗೆ ಕೇಳಿಸಿದ್ದು ನಾಣ್ಯ ಬೀಳುವ ಸದ್ದು, ಕ್ಯಾನ್ ತುಂಬುವ ಸದ್ದು. ನಾಲ್ಕನೇ ದಿನ ಬಾಯಿ ಬಿಟ್ಟ. ಪಾಠ ವಾಟ್ಸಾಪ್‌ನಲ್ಲಿ ಬರುತ್ತದೆ, ಮನೆಯಲ್ಲಿರುವುದು ಬಟನ್ ಫೋನ್.

‘ಪಾಠಕ್ಕೇನೋ ಕದ್ದಿದ್ದು?’

‘ಇಲ್ಲ ಮೇಡಂ, ಗೇಮ್ ಆಡೋಕೆ.’

ಈ ಪ್ರಾಮಾಣಿಕತೆಗೆ ನಗು ಬಂತು, ತಡೆದುಕೊಂಡೆ. ಪಾಠ ಬರುತ್ತಿಲ್ಲ ಅಂತ ಅಪ್ಪನಿಗೆ ಹೇಳಿದ್ಯಾ ಅಂದರೆ, ‘ಹೇಳಿದ್ರೆ ಒದೆ ಬೀಳುತ್ತೆ.’

ಅದೇ ವಾರ ಇನ್ನೊಂದು ಮನೆ. ಅಲ್ಲಿ ಅಮ್ಮ ಒಂದು ಏಟೂ ಹಾಕಿದವರಲ್ಲ. ಆ ಹುಡುಗನೂ ಏನೂ ಹೇಳುತ್ತಿರಲಿಲ್ಲ. ‘ಅಮ್ಮ ಅಳ್ತಾಳೆ’ ಅಂದ. ಒಂದು ಕಟ್ಟುನಿಟ್ಟು, ಇನ್ನೊಂದು ಸಡಿಲ. ಎರಡೂ ಮನೆಯಲ್ಲಿ ಮಗ ಬಾಯಿ ಮುಚ್ಚಿಕೊಂಡಿದ್ದ.

ಸ್ವೀಡನ್ನಿನಲ್ಲಿ ಸ್ಟಾಟಿನ್ ಮತ್ತು ಕೆರ್ ಎಂಬ ಸಂಶೋಧಕರು 14 ವರ್ಷದ ಮಕ್ಕಳ ಮೇಲೆ ಮಾಡಿದ ಅಧ್ಯಯನ 2000ದಲ್ಲಿ ಬಂತು. ಮಕ್ಕಳು ಎಲ್ಲಿ ಏನು ಮಾಡುತ್ತಾರೆ ಅನ್ನೋದು ಹೆತ್ತವರಿಗೆ ಗೊತ್ತಾಗುವುದು ಹೆಚ್ಚಾಗಿ ಕಾವಲಿನಿಂದಲ್ಲ, ಮಕ್ಕಳು ತಾವಾಗಿ ಹೇಳುವುದರಿಂದ ಅಂತ ಅದರ ಸಾರ. ಓದಿದಾಗ ತಲೆಯಾಡಿಸಿ ಮರೆತಿದ್ದೆ. ಈಗ ಮೊದಲ ಹುಡುಗನ ವರದಿಯಲ್ಲಿ ಶಿಸ್ತಿನ ಜಾಗದಲ್ಲಿ ಬರೆದೆ: ‘ಮಗ ತಂದೆಗೆ ಏನನ್ನೂ ಹೇಳುವುದಿಲ್ಲ. ಕಾರಣ ಹೊಡೆತ.’

ಅಪ್ಪನಿಗೆ ಒಂದೇ ಕೆಲಸ ಕೊಟ್ಟೆ. ಒಂದು ವಾರ ಮಗ ಏನು ಹೇಳಿದರೂ ‘ಹೌದಾ’ ಅನ್ನಿ, ಬುದ್ಧಿ ಹೇಳಬೇಡಿ. (ನನ್ನ ಮಗಳ ಹತ್ತಿರ ನಾನೇ ಮಾಡಿ ನೋಡಿದೆ. ಸಂಜೆವರೆಗೂ ಬಾಳಲಿಲ್ಲ.) ಮೂರನೇ ದಿನ ಹುಡುಗನ ಕಪಾಳಕ್ಕೆ ಬಿತ್ತು. ಮತ್ತೆ ಮೊದಲಿಂದ ಶುರು.

ಆಗಸ್ಟ್ ಕೊನೆಗೆ ಅಪ್ಪನೇ ಫೋನ್ ಮಾಡಿದರು. ‘ನಿನ್ನೆ ಆ ಹುಡುಗರ ಜೊತೇನೇ ಇದ್ದೆ ಅಂತ ಅವನೇ ಹೇಳ್ದ ಮೇಡಂ. ಕೈ ಎದ್ದುಬಿಟ್ಟಿತ್ತು. ಪಕ್ಕದಲ್ಲಿದ್ದ ಚಾ ಲೋಟ ಹಿಡ್ಕೊಂಡೆ.’